ಗಿಡ್ಡ ವಾನೆಟ್ ಎಳೆದ ಮನೆ

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ನಮ್ಮ ಗರಾಜಿಗೆ ಒಂದು ಹೊಸ ವಾನೆಟ್ ಬಂತು. ವಾನೆಟ್ ಅಂದರೆ ಪಿಕಪ್ ಟ್ರಕ್ಕು. ಕುವೈತಿನಲ್ಲಿ ಎಲ್ಲರ ಬಾಯಲ್ಲೂ ಅದಕ್ಕೆ ಅದೇ ಹೆಸರು. ಗಾಡಿ ಎಷ್ಟು ಹೊಸದೆಂದರೆ ಬಾಗಿಲುಗಳ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನೂ ಇನ್ನೂ ಕಿತ್ತಿರಲಿಲ್ಲ. ಆದರೆ ಹಿಂದಿನ ಗಾಜೇ ಇರಲಿಲ್ಲ. ಗಾಜಿದ್ದ ಜಾಗಕ್ಕೆ ಯಾರೋ ಟೊಮೆಟೊ ಬಾಕ್ಸಿನ ರಟ್ಟು ಬಿಡಿಸಿ ಟೇಪು ಹಚ್ಚಿದ್ದರು. ಕ್ಯಾಬಿನ್ನಿನ ಹಿಂಬದಿಯ ಬಲಭಾಗ ಗುದ್ದು ತಿಂದ ತಗಡಿನ ಡಬ್ಬದ ಹಾಗೆ ಒಳಕ್ಕೆ ಕುಸಿದಿತ್ತು.

ಓಡಿಸಿಕೊಂಡು ಬಂದವರು ಎಪ್ಪತ್ತರ ಆಸುಪಾಸಿನ ಒಬ್ಬ ಕುವೈತಿ. ಪಾದದವರೆಗೆ ಇಳಿಬಿದ್ದ ಚಳಿಗಾಲದ ಬೂದು ನಿಲುವಂಗಿ, ದಿಶ್‌ದಾಶಾ; ಕಂಕುಳಲ್ಲಿ ಒಂದು ಫೈಲು. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು ಅಂತ ಗೊತ್ತಾದ ಮೇಲೆ ನಾವೆಲ್ಲ ಅವರನ್ನು ಉಸ್ತಾದ್ ಅಂದೆವು. ನಮ್ಮ ಕಡೆ ಮೇಷ್ಟ್ರೇ ಅಂದ ಹಾಗೆ.

ನಾನು ಆಗ ಶುವೈಖಿನ ಆ ಗರಾಜಿನಲ್ಲಿ ಏಳು ವರ್ಷದಿಂದ ಇದ್ದೆ. ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳು. ಗಂಡನಿಗೆ ಇಲ್ಲಿನ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಿತೆಂದು ಜೊತೆಗೆ ಬಂದು, ಸಾಲ್ಮಿಯಾದಲ್ಲಿ ಮನೆ ಹಿಡಿದು, ಆಮೇಲೆ ನಾನೂ ಕೆಲಸ ಹುಡುಕಿಕೊಂಡೆ. ಕಾಗದದ ಮೇಲೆ ನನ್ನ ಹುದ್ದೆ ಸರ್ವಿಸ್ ಎಂಜಿನಿಯರ್. ನಿಜದಲ್ಲಿ ಮಾಡುತ್ತಿದ್ದದ್ದು ಇನ್ಶೂರೆನ್ಸ್ ಫಾರಂ ತುಂಬುವುದು, ಪಾರ್ಟ್ಸ್ ತರಿಸುವುದು, ಗ್ರಾಹಕರಿಗೆ ಫೋನ್ ಮಾಡುವುದು. ಗಾಜಿನ ಗೋಡೆಯ ಆಚೆ ಗಾಡಿಗಳು ಬಿಚ್ಚಿಕೊಂಡು ಮಲಗಿರುತ್ತಿದ್ದವು. ಈಚೆ ನಾನು ಕಂಪ್ಯೂಟರಿನ ಮುಂದೆ. ನನ್ನನ್ನು ಯಾರೂ ತಡೆದಿರಲಿಲ್ಲ ಅನ್ನುವುದೂ ನಿಜ. ಕರೆದೂ ಇರಲಿಲ್ಲ, ನಾನಾಗಿ ಎದ್ದು ಹೋಗಿಯೂ ಇರಲಿಲ್ಲ.

ಉಸ್ತಾದ್ ನನ್ನ ಎದುರಿನ ಕುರ್ಚಿಯಲ್ಲಿ ಕೂತು ಫೈಲಿನಿಂದ ಫೋಟೋಗಳನ್ನು ತೆಗೆದಿಟ್ಟರು. ಒಂದರಲ್ಲಿ ಬಿಳಿಯ ಒಂದು ದೊಡ್ಡ ಟ್ರೇಲರ್ ಮನೆ. ಒಳಗೆ ಮಂಚ, ಒಲೆ, ಸ್ನಾನದ ಕೋಣೆ ಎಲ್ಲ ಇರುವಂಥದ್ದು. ಮಾಮೂಲಿ ಟ್ರೇಲರನ್ನು ಗಾಡಿಯ ಬಂಪರಿನ ಹಿಂದೆ ಕೊಕ್ಕೆಗೆ ಸಿಕ್ಕಿಸುತ್ತಾರೆ. ಇದು ಹಾಗಲ್ಲ, ಫಿಫ್ತ್ ವೀಲ್ ಟ್ರೇಲರ್. ಇದರ ಮೂತಿ ಮುಂದಕ್ಕೆ ಚಾಚಿಕೊಂಡು ಬಂದು ವಾನೆಟ್ಟಿನ ಬೆಡ್ಡಿನ ಮೇಲೆ, ಅಂದರೆ ಸಾಮಾನು ಹಾಕುವ ಹಿಂಭಾಗದ ಮೇಲೆ, ಕೂರುತ್ತದೆ. ಮೂತಿಯ ಅಡಿಯಲ್ಲಿ ಮುಂಗೈ ದಪ್ಪದ ಒಂದು ಉಕ್ಕಿನ ಪಿನ್ನು ಇರುತ್ತದೆ. ಅದು ಬೆಡ್ಡಿನಲ್ಲಿ ಬೋಲ್ಟ್ ಮಾಡಿದ ಹಿಚ್ ಅನ್ನುವ ಕಬ್ಬಿಣದ ಪೀಠದಲ್ಲಿ ಕಚ್ಚಿಕೊಳ್ಳುತ್ತದೆ. ದೊಡ್ಡ ಟ್ರೇಲರ್ ಲಾರಿಗಳಲ್ಲಿ ಇರುವ ವ್ಯವಸ್ಥೆಯೇ, ಚಿಕ್ಕದಾಗಿ.

"ಹೋದ ವಾರ ಮೊದಲ ಸಲ ಬರ್‌ಗೆ ಹೊರಟೆವು," ಅಂದರು ಉಸ್ತಾದ್. ಬರ್ ಅಂದರೆ ಮರಳುಗಾಡು. ಚಳಿಗಾಲ ಬಂದರೆ ಇಲ್ಲಿನವರು ಡೇರೆ ಹೊತ್ತು ಅಲ್ಲಿಗೆ ಹೋಗುತ್ತಾರೆ. ಮಾರ್ಚ್ ಬಂದರೆ ಎತ್ತಿಕೊಂಡು ವಾಪಸ್. "ಪೆಟ್ರೋಲ್ ಬಂಕ್ ದಾಟಿ ಬಲಕ್ಕೆ ಮಣ್ಣಿನ ರಸ್ತೆಗೆ ತಿರುಗಿಸಿದೆ. ಟ್ರೇಲರಿನ ಮೂಲೆ ಬಂದು ಕ್ಯಾಬಿನ್ನಿಗೆ ಹೊಡೆಯಿತು. ಗಾಜು ಪೂರ್ತಿ ಒಳಗೆ, ಹಿಂದಿನ ಸೀಟಿನ ಮೇಲೆ ಸುರಿಯಿತು. ನನ್ನ ಹೆಂಡತಿ ಮುಂದಿನ ಬಲ ಸೀಟಿನಲ್ಲಿದ್ದಳು."

"ಅವರಿಗೆ ಏನಾದರೂ ಆಯಿತಾ?"

"ಏಟಾಗಲಿಲ್ಲ. ಆದರೆ ಇನ್ನು ಬರುವುದಿಲ್ಲ ಅಂದುಬಿಟ್ಟಳು."

ಅವರ ಹೆಂಡತಿಗೆ ಮೂರು ವರ್ಷದಿಂದ ಗಾಲಿಕುರ್ಚಿ. ನಲವತ್ತು ಚಳಿಗಾಲ ಇಬ್ಬರೂ ತಪ್ಪದೆ ಮರಳುಗಾಡಿಗೆ ಹೋಗಿದ್ದರು. ಕಾಲು ಸೋತ ಮೇಲೆ ಡೇರೆಯಲ್ಲಿ ಇರುವುದು ಆಗಲಿಲ್ಲ. ಅದಕ್ಕೇ ಈ ಟ್ರೇಲರ್ ತರಿಸಿ, ಬಾಗಿಲಿಗೆ ಇಳಿಜಾರು ಹಲಗೆ ಮಾಡಿಸಿದ್ದರು. ವಾನೆಟ್ಟಿನಲ್ಲೂ ಮುಂದಿನ ಸೀಟು ಹೊರಕ್ಕೆ ತಿರುಗಿ ಕೆಳಗಿಳಿದು ಆಕೆಯನ್ನು ಎತ್ತಿಕೊಳ್ಳುವ ಹಾಗೆ ಮಾಡಿಸಿದ್ದರು. ಆ ಸೀಟು ಕೂರಿಸಿದವರು ಇದೇ ಗಾಡಿಯ ಅಳತೆಗೆ ಮಾಡಿದ್ದು. ಅವರ ಮನೆಯ ಮುಂದಿನ ನೆರಳಿನಡಿ ಇದಕ್ಕಿಂತ ಉದ್ದದ ಗಾಡಿ ಹಿಡಿಸುತ್ತಲೂ ಇರಲಿಲ್ಲ. ಗಿಡ್ಡ ಬೆಡ್ಡಿನ ವಾನೆಟ್ಟನ್ನೇ ಅವರು ಆರಿಸಿಕೊಂಡದ್ದು ಅದಕ್ಕೆ. ಟ್ರೇಲರ್ ಮಾರಿದವನು "ಮಾಫಿ ಮುಶ್ಕಿಲ್, ಏನೂ ತೊಂದರೆಯಿಲ್ಲ" ಅಂದಿದ್ದನಂತೆ.

ನಮ್ಮ ಮುದೀರ್, ಅಂದರೆ ಮ್ಯಾನೇಜರ್, ಹೊರಗೆ ಹೋಗಿ ಗಾಡಿಯನ್ನು ಒಂದು ಸುತ್ತು ನೋಡಿ ಬಂದ. "ಗಾಜು ಹಾಕಿಕೊಡೋಣ, ತಗಡು ಎತ್ತೋಣ. ಟ್ರೇಲರ್ ಎಳೆಯಬೇಕು ಅಂದರೆ ಉದ್ದ ಬೆಡ್ಡಿನ ಗಾಡಿ ತೆಗೆದುಕೊಳ್ಳಿ. ಇದರಲ್ಲಿ ಆಗುವ ಕೆಲಸ ಅಲ್ಲ, ಖಲಾಸ್," ಅಂದ.

ಉಸ್ತಾದ್ ಫೋಟೋಗಳನ್ನು ಒಂದೊಂದಾಗಿ ಜೋಡಿಸಿ ಫೈಲಿಗೆ ಹಾಕತೊಡಗಿದರು. ಆ ಜೋಡಿಸುವ ರೀತಿ ನೋಡಿ ನನ್ನ ಬಾಯಿಂದ ಮಾತು ಬಂದುಬಿಟ್ಟಿತು.

"ನನಗೆ ಎರಡು ದಿನ ಕೊಡಿ ಉಸ್ತಾದ್. ಅಳತೆ ತೆಗೆದು ಹೇಳುತ್ತೇನೆ."

ಮುದೀರ್ ನನ್ನನ್ನು ನೋಡಿದ. ಬೇಡ ಅನ್ನಲಿಲ್ಲ. ಭುಜ ಹಾರಿಸಿ ಒಳಗೆ ಹೋದ.

ನಮ್ಮಲ್ಲಿ ವೆಲ್ಡಿಂಗ್ ಮತ್ತು ಫಿಟ್ಟಿಂಗ್ ನೋಡಿಕೊಳ್ಳುತ್ತಿದ್ದವರು ಬಂಟ್ವಾಳದ ಕಡೆಯ ಒಬ್ಬ ಬ್ಯಾರಿ ಹಿರಿಯರು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಗರಾಜಿನಲ್ಲಿ ಕನ್ನಡ ಮಾತಾಡಲು ನನಗಿದ್ದವರು ಅವರೊಬ್ಬರೇ. ಆವತ್ತು ಮಧ್ಯಾಹ್ನ ನಾನು ಟೇಪು ಹಿಡಿದು ಒಳಗೆ ಹೋದಾಗ ಅವರು ಕನ್ನಡಕ ಹಣೆಗೇರಿಸಿ ನಕ್ಕರು.

"ಎಂತ ಮೇಡಂ, ಕಂಪ್ಯೂಟರ್ ಹಾಳಾಯ್ತಾ?"

"ಇಲ್ಲ ಕಾಕಾ. ಈ ಗಾಡೀಗೆ ಟ್ರೇಲರ್ ಎಳೆಸ್ಬೇಕು."

"ಇದಕ್ಕಾ? ಆಗುದಿಲ್ಲ ಮಾರ್ರೆ. ಜಾಗ ಎಲ್ಲುಂಟು?"

"ಎಷ್ಟು ಇಲ್ಲ ಅಂತ ಮೊದ್ಲು ನೋಡೋಣ. ಟೇಪು ಆ ಕಡೆ ಹಿಡ್ಕೊಳಿ."

ಬೆಡ್ಡು ಆರೂವರೆ ಅಡಿ. ಎಂಟು ಅಡಿ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪಿನ್ನು ಕೂರಬೇಕಾದ್ದು ಹಿಂದಿನ ಆಕ್ಸಲಿನ ಮೇಲೆ. ಅಲ್ಲಿಂದ ಕ್ಯಾಬಿನ್ನಿಗೆ ಮೂರೂವರೆ ಅಡಿ. ಟ್ರೇಲರಿನ ಅಗಲ ಎಂಟು ಅಡಿ, ಅದರ ಅರ್ಧ ನಾಲ್ಕು. ಗಾಡಿ ಪೂರ್ತಿ ಅಡ್ಡ ತಿರುಗಿದಾಗ ಟ್ರೇಲರಿನ ಪಕ್ಕ ಪಿನ್ನಿನಿಂದ ನಾಲ್ಕು ಅಡಿ ಚಾಚುತ್ತದೆ, ಇರುವ ಜಾಗ ಮೂರೂವರೆ. ಅಷ್ಟೇ. ನೆಟ್ಟಗೆ ಹೋಗುವಾಗ ಏನೂ ಆಗುವುದಿಲ್ಲ, ಹೆದ್ದಾರಿಯ ನಿಧಾನದ ತಿರುವಿನಲ್ಲೂ ಆಗುವುದಿಲ್ಲ. ಬಂಕಿನ ಪಕ್ಕ ಮಣ್ಣಿನ ರಸ್ತೆಗೆ ಬಲಕ್ಕೆ ಮುರಿದಾಗ ಆಗುತ್ತದೆ.

"ಪಿನ್ನನ್ನ ಒಂದಡಿ ಹಿಂದೆ ಕೂರಿಸಿದ್ರೆ ಮುಗೀತಲ್ಲ ಮೇಡಂ? ನಾನು ನಾಳೆಯೇ ವೆಲ್ಡ್ ಮಾಡಿ ಕೊಡ್ತೇನೆ," ಅಂದರು ಕಾಕಾ.

"ಭಾರ ಆಕ್ಸಲಿನ ಹಿಂದಕ್ಕೆ ಬಿದ್ರೆ ಗಾಡಿ ಮೂತಿ ಮೇಲೇಳತ್ತೆ ಕಾಕಾ. ಮುಂದಿನ ಚಕ್ರಕ್ಕೆ ಹಿಡಿತ ಇರಲ್ಲ. ನೂರರಲ್ಲಿ ಹೋಗ್ವಾಗ ಸ್ಟಿಯರಿಂಗ್ ಕೇಳ್ದಿದ್ರೆ?"

ಅವರು ಗಡ್ಡ ಕೆರೆದುಕೊಂಡರು. "ಹೌದು. ಅದು ಡೇಂಜರ್."

ಹೆದ್ದಾರಿಯಲ್ಲಿ ಪಿನ್ನು ಮುಂದಿರಬೇಕು, ತಿರುವಿನಲ್ಲಿ ಹಿಂದಿರಬೇಕು. ಇದಕ್ಕೆಂದೇ ಜಾರುವ ಹಿಚ್ ಸಿಗುತ್ತದೆ. ಪೀಠ ಎರಡು ಹಳಿಗಳ ಮೇಲೆ ಕೂತಿರುತ್ತದೆ. ಲಿವರ್ ಎಳೆದರೆ ಹಿಂದಕ್ಕೆ ಜಾರಿ ಅಲ್ಲಿ ಕಚ್ಚಿಕೊಳ್ಳುತ್ತದೆ, ತಿರುವು ಮುಗಿದ ಮೇಲೆ ಮತ್ತೆ ಮುಂದಕ್ಕೆ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ದುಬೈನ ಒಬ್ಬ ವ್ಯಾಪಾರಿಯ ಬಳಿ ಎರಡು ಅಳತೆಯವು ಇದ್ದವು. ಒಂದು ಹತ್ತು ಇಂಚು ಜಾರುವುದು, ಇನ್ನೊಂದು ಹದಿನಾಲ್ಕು. ಮೂರೂವರೆ ಅಡಿಗೆ ಹತ್ತು ಇಂಚು ಸೇರಿಸಿದರೆ ನಾಲ್ಕು ಅಡಿ ನಾಲ್ಕು ಇಂಚು. ಬೇಕಾದ್ದು ನಾಲ್ಕು. ಧಾರಾಳವಾಯಿತು ಅಂದುಕೊಂಡು ಚಿಕ್ಕದನ್ನೇ ತರಿಸುವುದೆಂದು ತೀರ್ಮಾನಿಸಿ ಮನೆಗೆ ಹೋದೆ.

ಸಂಜೆ ಕಾಫಿ ಕುಡಿಯುತ್ತಾ ಗಂಡನಿಗೆ ವಿವರಿಸಿದೆ. ನನ್ನ ಗಂಡ ಟೈರು ಬದಲಿಸಲೂ ಬಾರದ ಮನುಷ್ಯ. ಆದರೆ ಅರ್ಥವಾಗದೆ ಬಿಡುವವರಲ್ಲ. ಕಾರ್ನ್‌ಫ್ಲೇಕ್ಸ್ ಡಬ್ಬಿ ಹರಿದು, ನಾನು ಹೇಳಿದ ಅಳತೆಗೆ ಒಂದಡಿಗೆ ಒಂದಿಂಚಿನ ಲೆಕ್ಕದಲ್ಲಿ ವಾನೆಟ್ಟೊಂದು, ಟ್ರೇಲರೊಂದು ಕತ್ತರಿಸಿದರು. ಎರಡಕ್ಕೂ ಸೇರಿಸಿ ಒಂದು ಗುಂಡುಪಿನ್ನು ಚುಚ್ಚಿ, ಮೇಜಿನ ಮೇಲೆ ತಿರುಗಿಸಿ ತಿರುಗಿಸಿ ನೋಡಿದರು.

"ಇಲ್ಲಿ ನೋಡು. ನೀನು ಹೇಳಿದ ಜಾಗದಲ್ಲಿ ತಗಲ್ತಾನೇ ಇಲ್ಲ ಕಣೇ. ಅದಕ್ಕಿಂತ ಮುಂಚೆ ತಗಲತ್ತೆ."

"ಎಲ್ಲಿ? ತಿರುಗ್ಸಿ ನೋಡೋಣ."

"ಪಕ್ಕ ಅಲ್ಲ, ಮೂಲೆ. ಈ ಮೂಲೆ ಬರತ್ತಲ್ಲ, ಅದು."

ನಾನು ಲೋಟ ಕೆಳಗಿಟ್ಟು ಬಗ್ಗಿ ನೋಡಿದೆ. ಟ್ರೇಲರಿನ ಮೂತಿ ಪಿನ್ನಿನಿಂದ ಮುಂದಕ್ಕೆ ಇನ್ನೂ ಒಂದೂವರೆ ಅಡಿ ಚಾಚಿತ್ತು. ಪಿನ್ನಿನಿಂದ ಮೂಲೆಗೆ ಇರುವ ದೂರ ನಾಲ್ಕು ಅಡಿಯಲ್ಲ, ಅದಕ್ಕಿಂತ ಮೂರು ಇಂಚು ಹೆಚ್ಚು. ಎಂಟನೇ ಕ್ಲಾಸಿನ ಲೆಕ್ಕ. ಲಂಬಕೋನ ತ್ರಿಭುಜದ ಉದ್ದನೆಯ ಬಾಹು. ನಾನು ಆರಿಸಿದ ಹಿಚ್ಚಿನಲ್ಲಿ ಗಾಜಿಗೂ ಮೂಲೆಗೂ ನಡುವೆ ಒಂದು ಬೆರಳಿನ ಜಾಗವೂ ಉಳಿಯುತ್ತಿರಲಿಲ್ಲ. ಹಳ್ಳದ ರಸ್ತೆಯಲ್ಲಿ ಟ್ರೇಲರ್ ಒಂದು ಸಲ ಓಲಾಡಿದರೆ ಸಾಕು, ಎರಡನೆಯ ಗಾಜೂ ಆ ಹೆಂಗಸಿನ ಬೆನ್ನ ಮೇಲೆ.

"ರೀ, ನೀವು ಬ್ಯಾಂಕಲ್ಲಿ ಯಾಕಿದ್ದೀರಾ?" ಅಂದೆ.

"ಅಲ್ಲಿ ಎಸಿ ಇದೆ," ಅಂದರು.

ಮರುದಿನ ಉಸ್ತಾದರ ಒಪ್ಪಿಗೆ ಪಡೆದು ಹದಿನಾಲ್ಕು ಇಂಚಿನದನ್ನೇ ತರಿಸಲು ಬರೆದೆ. ಅದು ಬರಲು ಒಂಬತ್ತು ದಿನ ಹಿಡಿಯಿತು, ಅಷ್ಟರಲ್ಲಿ ತಗಡು ಎತ್ತಿ ಹೊಸ ಗಾಜು ಹಾಕಿದ್ದಾಗಿತ್ತು. ಕೂರಿಸಲು ಕಾಕಾಗೆ, ನನಗೆ ಎರಡು ದಿನ. ಬೆಡ್ಡಿನ ತಗಡಿಗೆ ಬೋಲ್ಟ್ ಹಾಕಿದರೆ ಪ್ರಯೋಜನವಿಲ್ಲ, ಕೆಳಗಿನ ಚಾಸಿಸ್ಸಿಗೇ ಹಾಕಬೇಕು. ಹೊಸ ಗಾಡಿಗೆ ತೂತು ಕೊರೆಯಲು ಕಾಕಾಗೆ ಮನಸ್ಸು ಬರದು. ಡ್ರಿಲ್ ಹಿಡಿದು, "ಮೇಡಂ, ಇನ್ನೊಮ್ಮೆ ಅಳತೆ ಹೇಳಿ" ಅನ್ನುವರು, ಹೇಳಿದರೆ "ಇನ್ನೊಮ್ಮೆ". ಕೊನೆಗೆ ಬೋಲ್ಟುಗಳನ್ನು ಬಿಗಿ ಮಾಡಿದ್ದು ನಾನು. ಬಿಗಿ ಸಾಕಾದಾಗ ಟಾರ್ಕ್ ರೆಂಚು ಮಾಡುವ ಕಟ್ ಅನ್ನುವ ಸದ್ದು ಪ್ರತಿ ಬೋಲ್ಟಿಗೂ ಕೇಳುವವರೆಗೆ ಕಾಕಾ ಗಾಡಿಯ ಅಡಿಯಿಂದ ಹೊರಗೆ ಬರಲಿಲ್ಲ. ನಾನು ಎದ್ದು ನಿಂತಾಗ ಮಂಡಿಯೆಲ್ಲ ಗ್ರೀಸು. ಗಾಜಿನ ಗೋಡೆಯ ಆಚೆ ನನ್ನ ಕುರ್ಚಿ ಖಾಲಿ ಕಾಣುತ್ತಿತ್ತು. ಅದನ್ನು ನೋಡಿ ನನಗೆ ಆದ ಸಂತೋಷ ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ.

ಪರೀಕ್ಷೆಗೆ ವಫ್ರಾ ಅಂತ ಉಸ್ತಾದರೇ ಸೂಚಿಸಿದರು. ಅಲ್ಲಿ ಅವರ ತಮ್ಮನ ತೋಟ ಇತ್ತು. ಶುಕ್ರವಾರ ರಜೆ. ಉಸ್ತಾದ್ ವಾನೆಟ್ಟಿಗೆ ಟ್ರೇಲರ್ ಸಿಕ್ಕಿಸಿ ಬೇಗನೆ ಹೊರಟು, ಪಿನ್ನು ಮುಂದಿಟ್ಟುಕೊಂಡು ನಿಧಾನವಾಗಿ ಹೆದ್ದಾರಿಯಲ್ಲೇ ಬಂದಿದ್ದರು. ಟ್ರೇಲರ್ ಎಳೆದುಕೊಂಡು ರಸ್ತೆಯಲ್ಲಿ ಓಡಿಸಲು ನನ್ನ ಲೈಸೆನ್ಸು ಸಾಲದು, ತೋಟದ ಒಳಗೆ ಕೇಳುವವರಿರಲಿಲ್ಲ. ನಾನು, ಗಂಡ, ಕಾಕಾ ನಮ್ಮ ಕಾರಿನಲ್ಲಿ ಹಿಂದಿನಿಂದ ಹೋದೆವು.

ತೋಟದ ಒಳಗೆ ಎರಡೂ ಕಡೆ ಸೌತೆಕಾಯಿಯ ಹಸಿರುಮನೆಗಳು. ನಡುವೆ ಒಂದೇ ಗಾಡಿ ಹಿಡಿಸುವ ಮಣ್ಣಿನ ದಾರಿ. ನೀರಿನ ತೊಟ್ಟಿಯ ಹತ್ತಿರ ಆ ದಾರಿ ಬಲಕ್ಕೆ ಮುರಿಯುತ್ತಿತ್ತು, ಬಂಕಿನ ಪಕ್ಕದ ತಿರುವಿಗಿಂತಲೂ ಕಡಿದಾಗಿ. ನಮಗೆ ಬೇಕಾದ್ದೂ ಅದೇ. ರಜೆಯ ದಿನ ಬಟ್ಟೆ ಒಗೆಯುತ್ತಿದ್ದ ತೋಟದ ಕೆಲಸಗಾರರು ಬಕೆಟ್ಟು ಬಿಟ್ಟು ಬಂದು ತೊಟ್ಟಿಯ ಕಟ್ಟೆಯ ಮೇಲೆ ಸಾಲಾಗಿ ಕೂತರು.

ನಾನು ಸ್ಟಿಯರಿಂಗ್ ಹಿಡಿದೆ. ಟ್ರೇಲರಿಗೆ ಬೇರೆಯೇ ಬ್ರೇಕು, ಕೈಯಲ್ಲಿ ಒತ್ತುವ ಸಣ್ಣ ಗುಂಡಿ. ತಿರುವಿಗೆ ಮುಂಚೆ ನೆಟ್ಟಗೆ ನಿಲ್ಲಿಸಿ, ಇಳಿದು ಲಿವರ್ ಎಳೆದು, ಮತ್ತೆ ಹತ್ತಿ, ಟ್ರೇಲರಿನ ಬ್ರೇಕು ಹಿಡಿದುಕೊಂಡು ವಾನೆಟ್ಟನ್ನು ಮುಂದಕ್ಕೆ ತೆವಳಿಸಿದೆ. ಟ್ರೇಲರ್ ನಿಂತಲ್ಲೇ ನಿಂತಿತು, ವಾನೆಟ್ಟು ಅದರ ಅಡಿಯಿಂದ ಮುಂದಕ್ಕೆ ಸರಿಯಿತು. ಸರಿಯಾಯಿತು ಅಂದುಕೊಂಡು ತಿರುಗಿಸಲು ಹೋದೆ.

"ನಿಲ್ಸಿ, ನಿಲ್ಸಿ!" ಕಾಕಾ ಕೈ ಬೀಸುತ್ತಾ ಓಡಿ ಬಂದರು. "ಟಕ್ ಅಂತ ಕೇಳ್ಲಿಲ್ಲ ನಂಗೆ. ಕಚ್ಚಲಿಲ್ಲ ಅದು."

ಇಳಿದು ನೋಡಿದರೆ ಅವರು ಹೇಳಿದ್ದು ನಿಜ. ಪೀಠ ಹಿಂದಕ್ಕೆ ಬಂದಿತ್ತು, ಆದರೆ ಬೀಗದ ಹಲ್ಲು ಪೂರ್ತಿ ಕೂತಿರಲಿಲ್ಲ. ಹಲ್ಲಿನ ಸಂದಿನಲ್ಲಿ ಮರಳು. ಇನ್ನೊಂದು ಅಡಿ ಮುಂದೆ ಹೋಗಿದ್ದರೆ ಅಷ್ಟು ಭಾರ ಹಳಿಯ ಮೇಲೆ ಜಾರಿ ಬಂದು ಎಲ್ಲಿ ಗುದ್ದುತ್ತಿತ್ತೋ. ಆ ಹಿಚ್ಚನ್ನು ಮಾಡಿದವರ ದೇಶದಲ್ಲಿ ಹುಲ್ಲು, ಡಾಂಬರು ಇರಬಹುದು; ನಮ್ಮಲ್ಲಿ ಮರಳು, ಅದೂ ಹಿಟ್ಟಿನಂಥದ್ದು. ಕಾಕಾ ಬ್ರಷ್ಷಿನಿಂದ ಉಜ್ಜಿದರು. ಹಳಿಗೆ ಹಚ್ಚಿದ್ದ ಗ್ರೀಸೇ ಮರಳನ್ನು ಹಿಡಿಯುತ್ತಿದ್ದದ್ದು ಗೊತ್ತಾಗಿ ಅದನ್ನೆಲ್ಲ ಒರೆಸಿ ತೆಗೆದೆವು. ಆಮೇಲೆ ನಾನು ಅವರ ಪೆಟ್ಟಿಗೆಯಲ್ಲಿದ್ದ ಕೆಂಪು ಬಣ್ಣದಿಂದ ಬೀಗದ ಹಲ್ಲಿನ ಬುಡದಲ್ಲಿ ಒಂದು ಗೆರೆ ಎಳೆದೆ. ಹಲ್ಲು ಪೂರ್ತಿ ಕೂತರೆ ಗೆರೆ ಮುಚ್ಚಿಹೋಗಬೇಕು. ಕೆಂಪು ಕಂಡರೆ ಗಾಡಿ ಅಲುಗಬಾರದು. ಕಿವಿ ಮಂದವಾದವರಿಗೂ ಕಣ್ಣಿಗೆ ಕಾಣುವ ಗುರುತು.

ಎರಡನೆಯ ಸಲ ಟಕ್ ಅಂದದ್ದು ಕಟ್ಟೆಯ ಮೇಲೆ ಕೂತವರಿಗೂ ಕೇಳಿಸಿತು. ನಿಧಾನವಾಗಿ ಬಲಕ್ಕೆ ತಿರುಗಿಸಿದೆ. ಕನ್ನಡಿಯಲ್ಲಿ ಆ ಬಿಳಿ ಗೋಡೆ ನನ್ನ ಕಡೆಗೇ ಬಂತು, ಬಂತು, ಗಾಜಿನ ಹತ್ತಿರ ಬಂದು, ತಗಲದೆ ಪಕ್ಕಕ್ಕೆ ಹಾದುಹೋಯಿತು. ಗಂಡ ಹೊರಗೆ ನಿಂತು ಎರಡೂ ಕೈ ಮೇಲೆತ್ತಿ ಏನೋ ಕೂಗುತ್ತಿದ್ದರು. ಕಟ್ಟೆಯ ಮೇಲಿನವರು ಚಪ್ಪಾಳೆ ತಟ್ಟಿದರು.

ಹಿಂದಕ್ಕೆ ತರುವುದು ಬೇರೆಯೇ ವಿದ್ಯೆ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಎರಡು ಸಲ ಹಸಿರುಮನೆಯ ಪ್ಲಾಸ್ಟಿಕ್ಕಿನ ಹತ್ತಿರ ಹೋಗಿ ನಿಲ್ಲಿಸಿದೆ. ಕಟ್ಟೆಯ ಮೇಲಿಂದ ಒಬ್ಬ "ಉಸ್ತಾದ್‌ಜೀ, ಡ್ರೈವರ್ ಕೋ ಬುಲಾವೋ" ಅಂದ. ಉಸ್ತಾದ್ ಅವನ ಕಡೆ ತಿರುಗಿಯೂ ನೋಡದೆ ನನ್ನ ಕಿಟಕಿಯ ಹತ್ತಿರ ಬಂದರು. ಅವರು ಹರೆಯದಲ್ಲಿ ದೋಣಿಯನ್ನು ಗಾಡಿಗೆ ಕಟ್ಟಿ ಸಮುದ್ರಕ್ಕೆ ಹಿಮ್ಮುಖವಾಗಿ ಇಳಿಸುತ್ತಿದ್ದವರು.

"ಮುಹಂದಿಸಾ, ಕೈಯನ್ನು ಸ್ಟಿಯರಿಂಗಿನ ಕೆಳಗೆ ಹಿಡಿ," ಅಂದರು. ಮುಹಂದಿಸಾ ಅಂದರೆ ಎಂಜಿನಿಯರ್ ಅಮ್ಮ. "ಮೇಲೆ ಅಲ್ಲ, ಕೆಳಗೆ. ಈಗ ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ತೆಗೆದುಕೊಂಡು ಹೋಗು. ಸ್ವಲ್ಪ. ಇನ್ನೂ ಸ್ವಲ್ಪ."

ಇಷ್ಟೇನಾ ಅನ್ನಿಸಿತು. ಮೂರನೆಯ ಸಲಕ್ಕೆ ಅಷ್ಟುದ್ದದ ಮನೆ, ಬಂದ ದಾರಿಯಲ್ಲೇ, ತೊಟ್ಟಿಯನ್ನು ಬಳಸಿಕೊಂಡು, ಹಿಂದಕ್ಕೆ ಹೋಗಿ ನೆಟ್ಟಗೆ ನಿಂತಿತು. ಪಿನ್ನು ಮತ್ತೆ ಮುಂದಕ್ಕೆ ಕಚ್ಚಿಸಿ, ಕೆಂಪು ಮುಚ್ಚಿದೆಯೇ ನೋಡಿ, ಎಂಜಿನ್ ಆರಿಸಿ ಕೆಳಗಿಳಿದೆ. ಡ್ರೈವರನ್ನು ಕರೆಯಿರಿ ಅಂದವನೇ ಎದ್ದು ಬಂದು ಒಂದು ಚೀಲ ಸೌತೆಕಾಯಿ ಕೊಟ್ಟ. ಆಮೇಲೆ ನಾನು ಉಸ್ತಾದರಿಗೆ ಲಿವರ್, ಬ್ರೇಕು, ಕೆಂಪು ಗೆರೆ ಎಲ್ಲ ಕಲಿಸಿದೆ. ಆರು ಸಲ ಮಾಡಿಸಿದೆ. ಪ್ರತಿ ಸಲವೂ ಅವರು ಇಳಿದು ಬಗ್ಗಿ ನೋಡಿ, ಶಾಲೆಯಲ್ಲಿ ಹಾಜರಿ ಹೇಳುವ ಹುಡುಗನ ಹಾಗೆ "ಕೆಂಪು ಇಲ್ಲ" ಅಂತ ಗಟ್ಟಿಯಾಗಿ ಹೇಳುತ್ತಿದ್ದರು.

ಇನ್ನು ಉಳಿದದ್ದು ಅವರ ಹೆಂಡತಿಯನ್ನು ಒಪ್ಪಿಸುವುದು. ಅದು ನನ್ನ ಕೆಲಸ ಅಂತ ನಾನು ಅಂದುಕೊಂಡಿರಲಿಲ್ಲ. ಆದರೆ ಆ ಮಂಗಳವಾರ ಉಸ್ತಾದರ ಫೋನು ಬಂತು. "ನಿನ್ನನ್ನು ನೋಡಬೇಕಂತೆ."

ಅವರ ಮನೆಯ ನಡುಮನೆಯಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ಹಿರಿಯ ಹೆಂಗಸು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಖರ್ಜೂರ, ಚಹಾ ಬಂತು. ಚೆನ್ನಾದ ಇಂಗ್ಲಿಷಿನಲ್ಲಿ, ತಣ್ಣಗಿನ ದನಿಯಲ್ಲಿ ಕೇಳಿದರು: "ಪಿನ್ನಿನಿಂದ ಕ್ಯಾಬಿನ್ನಿಗೆ ಈಗ ಎಷ್ಟು ಬರುತ್ತದೆ?"

"ಹಿಂದಕ್ಕೆ ಜಾರಿದಾಗ ನಾಲ್ಕು ಅಡಿ ಎಂಟು ಇಂಚು, ಖಾಲಾ." ಇಲ್ಲಿ ಹಿರಿಯ ಹೆಂಗಸರನ್ನು ನಾವು ಖಾಲಾ ಅನ್ನುತ್ತೇವೆ, ಚಿಕ್ಕಮ್ಮ ಅಂದ ಹಾಗೆ.

"ಟ್ರೇಲರ್ ಎಷ್ಟು ಚಾಚುತ್ತದೆ? ಅಗಲದ ಅರ್ಧ ಹೇಳಬೇಡ. ಮೂಲೆ ಲೆಕ್ಕ ಹಾಕಿದ್ದೀಯಾ?"

ಅವರು ಹುಡುಗಿಯರ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು ಅನ್ನುವುದನ್ನು ಉಸ್ತಾದ್ ನನಗೆ ಹೇಳಿರಲಿಲ್ಲ. ನಾನು ಮನಸ್ಸಿನಲ್ಲೇ ಗಂಡನಿಗೆ ಕೈ ಮುಗಿದು, "ಹಾಕಿದ್ದೇನೆ ಖಾಲಾ, ನಾಲ್ಕು ಅಡಿ ಮೂರು ಇಂಚು ಚಿಲ್ಲರೆ," ಅಂದೆ. ಮೊದಲು ತಪ್ಪಿದ್ದೆ, ಗಂಡ ರಟ್ಟಿನಲ್ಲಿ ಮಾಡಿ ತೋರಿಸಿದರು ಅನ್ನುವುದನ್ನೂ ಹೇಳಿಬಿಟ್ಟೆ. ಮುಚ್ಚಿಡಬೇಕು ಅನ್ನಿಸಲಿಲ್ಲ.

ಖಾಲಾ ತಲೆಯಾಡಿಸಿದರು. "ಹಾಗಾದರೆ ಬರುತ್ತೇನೆ. ಒಂದು ಷರತ್ತು. ನೀನು ಹಿಂದಿನ ಸೀಟಿನಲ್ಲಿ ಕೂರಬೇಕು. ನನ್ನ ಬೆನ್ನಿಗೆ. ಗಾಜು ಸುರಿದ ಜಾಗದಲ್ಲಿ."

"ಕೂರುತ್ತೇನೆ," ಅಂದೆ. ಹೇಳುವಾಗ ಒಂದು ಕ್ಷಣವೂ ತಡವರಿಸಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೆ ಮೆಚ್ಚಿಗೆ.

ಮುಂದಿನ ಶುಕ್ರವಾರ ಹೊರಟೆವು. ಉಸ್ತಾದ್ ಓಡಿಸುತ್ತಿದ್ದರು, ಪಕ್ಕದಲ್ಲಿ ಖಾಲಾ, ಅವರ ಹಿಂದೆ ನಾನು. ಗಂಡ ನಮ್ಮ ಕಾರಿನಲ್ಲಿ ಹಿಂಬಾಲಿಸಿದರು. ಪೆಟ್ರೋಲ್ ಬಂಕ್ ಕಂಡಾಗ ಖಾಲಾ ಬಾಗಿಲ ಹಿಡಿಕೆಯನ್ನು ಹಿಡಿದುಕೊಂಡದ್ದು ಕಾಣಿಸಿತು. ಉಸ್ತಾದ್ ಗಾಡಿ ನಿಲ್ಲಿಸಿದರು. ಇಳಿದರು. ಲಿವರ್ ಎಳೆದರು. ಮತ್ತೆ ಹತ್ತಿ ಮುಂದಕ್ಕೆ ತೆವಳಿಸಿದರು. ಟಕ್. ಮತ್ತೆ ಇಳಿದು ಬಗ್ಗಿ ನೋಡಿದರು. "ಕೆಂಪು ಇಲ್ಲ!" ಹಿಂದೆ ಯಾರೋ ಹಾರ್ನ್ ಒತ್ತಿದರು. ಉಸ್ತಾದ್ ಅವಸರ ಮಾಡಲಿಲ್ಲ.

ಗಾಡಿ ಬಲಕ್ಕೆ ತಿರುಗಿತು. ನಾನು ಸೀಟಿನಲ್ಲಿ ತಿರುಗಿ ಕೂತು ಹೊಸ ಗಾಜಿನ ಮೇಲೆ ಅಂಗೈ ಇಟ್ಟೆ. ಟ್ರೇಲರಿನ ಮೂಲೆ ಆಕಾಶವನ್ನು ಮುಚ್ಚಿಕೊಂಡು ನನ್ನತ್ತ ಬಂತು. ಮಣ್ಣಿನ ಏರಿಗೆ ಚಕ್ರ ಹತ್ತಿದಾಗ ಅದು ಒಂದು ಸಲ ಓಲಾಡಿತು. ಲೆಕ್ಕ ಗೊತ್ತಿದ್ದರೂ ಲೆಕ್ಕದ ಎದುರು ಕೂರುವುದು ಬೇರೆ. ಮೂಲೆ ನನ್ನ ಅಂಗೈಯ ಆಚೆ, ನಾಲ್ಕು ಬೆರಳಿನಷ್ಟು ದೂರದಲ್ಲಿ ಬಂದು, ನಿಧಾನವಾಗಿ ಹಾದು ಹೋಯಿತು. ಬಿಳಿ ಬಣ್ಣದ ಮೇಲೆ ಹಳೆಯ ಏಟಿನ ಗೀರು ಕೂಡ ಕಾಣಿಸಿತು.

ನಾನು ಮುಂದಕ್ಕೆ ತಿರುಗಿದಾಗ ಖಾಲಾ ಮುಂದಿನ ಕನ್ನಡಿಯಲ್ಲಿ ನೋಡುತ್ತಿದ್ದದ್ದು ಟ್ರೇಲರನ್ನಲ್ಲ, ನನ್ನ ಮುಖವನ್ನು. ಹಿಡಿಕೆಯಿಂದ ಕೈ ತೆಗೆದು, ಉಸ್ತಾದರಿಗೆ "ಯಲ್ಲಾ, ನಡೆಯಿರಿ" ಅಂದರು.

ಅವರ ಜಾಗ ತಲುಪಿದ ಮೇಲೆ ಹಲಗೆ ಇಳಿಸಿ, ಗಟ್ಟಿ ನೆಲ ನೋಡಿ ಗಾಲಿಕುರ್ಚಿಯನ್ನು ನಿಲ್ಲಿಸಿದೆವು. ಜನವರಿಯ ಬಿಸಿಲು ಹಿತವಾಗಿತ್ತು. ಒಂದೆರಡು ಮಳೆ ಬಿದ್ದು ಮರಳಿನ ಮೇಲೆ ಅಲ್ಲಲ್ಲಿ ಹಸಿರು ಎದ್ದಿತ್ತು. ಮೂರು ಚಳಿಗಾಲದ ಮೇಲೆ ಬಂದವರು. ಖಾಲಾ ಬಹಳ ಹೊತ್ತು ಕಣ್ಣು ಕಿರಿದು ಮಾಡಿಕೊಂಡು ದೂರ ನೋಡುತ್ತಾ ಕೂತಿದ್ದರು. ಉಸ್ತಾದ್ ಹತ್ತಿರ ಹೋಗಿ ಅವರ ಮೊಣಕಾಲಿನ ಮೇಲೆ ಶಾಲು ಹೊದಿಸಿದರು. ಆಕೆ ಅವರ ಕೈಯನ್ನು ಹಿಡಿದುಕೊಂಡು ಅಲ್ಲೇ ಇಟ್ಟುಕೊಂಡರು. ನಾನೂ ನನ್ನ ಗಂಡನೂ ಆ ಕಡೆ ನೋಡದೆ ಒಲೆ ಹಚ್ಚುವ ನೆಪ ಮಾಡಿದೆವು.

ಚಹಾ ಆದ ಮೇಲೆ ನನಗೆ ಕರೆ ಬಂತು. ಖಾಲಾ ಕುರ್ಚಿಯ ಪಕ್ಕಕ್ಕೆ ಸಿಕ್ಕಿಸಿದ್ದ ಹಳೆಯ ಊರುಗೋಲು ಕೊಟ್ಟು, "ಮರಳಿನ ಮೇಲೆ ಬರೆ. ಮೊದಲಿನಿಂದ," ಅಂದರು. ನಾನು ಮಂಡಿಯೂರಿ ವಾನೆಟ್ಟು ಬರೆದೆ, ಟ್ರೇಲರ್ ಬರೆದೆ, ತ್ರಿಭುಜ ಬರೆದೆ, ಉಳಿಯುವ ಜಾಗ ಸುಮಾರು ಐದು ಇಂಚು ಅಂತ ಬರೆದು ಅಡಿಗೆರೆ ಎಳೆದೆ. ಅವರು ಮುಂದಕ್ಕೆ ಬಾಗಿ ಪೂರ್ತಿ ಓದಿದರು.

"ಕ್ಯಾಬಿನ್ನಿನ ಹಿಂದೆ, ಗಾಜಿನ ಮೇಲ್ಗಡೆ ಬ್ರೇಕಿನ ಕೆಂಪು ದೀಪ ಇದೆಯಲ್ಲ, ಅದು ಹೊರಕ್ಕೆ ಉಬ್ಬಿದೆ. ಅದನ್ನು ಕಳೆದಿದ್ದೀಯಾ?"

ನಾನು ಕಳೆದಿರಲಿಲ್ಲ. ಟೇಪು ತೆಗೆದುಕೊಂಡು ಓಡಿದೆ. ಒಂದು ಇಂಚು ಉಬ್ಬಿತ್ತು. ವಾಪಸ್ ಬಂದು ಹೇಳಿದೆ. ಖಾಲಾ ಊರುಗೋಲು ಕೇಳಿ ಇಸಿದುಕೊಂಡು, ಕೂತಲ್ಲಿಂದಲೇ ಬಾಗಿ, ನನ್ನ ಲೆಕ್ಕದ ಕೆಳಗೆ ಅರಬ್ಬಿ ಅಂಕಿಯಲ್ಲಿ ಏನೋ ಬರೆದರು. ಉಸ್ತಾದ್ ಬಗ್ಗಿ ನೋಡಿ ಜೋರಾಗಿ ನಕ್ಕರು.

"ಹತ್ತಕ್ಕೆ ಒಂಬತ್ತು. ನನ್ನ ಹೆಂಡತಿಯ ಕೈಯಲ್ಲಿ ಒಂಬತ್ತು ತೆಗೆದುಕೊಂಡವರನ್ನು ನಾನು ನೋಡಿಲ್ಲ, ಮುಹಂದಿಸಾ."

ಎಂಜಿನಿಯರಿಂಗಿನಲ್ಲಿ ನನಗೆ ಫಸ್ಟ್ ಕ್ಲಾಸ್ ಬಂದಿತ್ತು. ಆ ಅಂಕಪಟ್ಟಿ ಎಲ್ಲಿದೆಯೋ ಈಗ ನೆನಪಿಲ್ಲ. ಈ ಒಂಬತ್ತನ್ನು ಮಾತ್ರ ಗಾಳಿ ಅಳಿಸುವ ಮುಂಚೆ ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಭಾನುವಾರ ಗರಾಜಿನಲ್ಲಿ ಕಾಕಾಗೆ ತೋರಿಸಿದಾಗ ಅವರು ಫೋನನ್ನು ಹತ್ತಿರ ಹಿಡಿದು ನೋಡಿ, "ಅದರಲ್ಲಿ ತೂತು ಕೊರೆದ ಮಾರ್ಕು ನಂದು" ಅಂದರು. ಕೊಟ್ಟೆ.